ಪಾಸ್‌ವರ್ಡಿಗೂ ಒಂದು ಬಿ.ಆರ್.ಎಸ್. ಬೇಕು

ನಮ್ಮ ಕಾಲೇಜಿನ ಹಿಂದಿನ ರಸ್ತೆಯ ಸೈಬರ್ ಅಂಗಡಿಗೆ ಒಮ್ಮೆಯಾದರೂ ಹೋಗದವರು ನಮ್ಮಲ್ಲಿ ಕಡಿಮೆ. ಅಲ್ಲಿ ಕೌಂಟರ್ ಮೇಲೆ ನೀಲಿ ರಟ್ಟಿನ ಒಂದು ಉದ್ದ ಪುಸ್ತಕ ಇದೆ. ಸ್ಕಾಲರ್‌ಶಿಪ್ ಅರ್ಜಿ ಹಾಕಲು ಹೋದವರ ಹೆಸರು, ಮೊಬೈಲ್ ನಂಬರ್, ಯೂಸರ್ ಐಡಿ, ಪಾಸ್‌ವರ್ಡ್ ಎಲ್ಲವನ್ನೂ ಅದರಲ್ಲಿ ಸಾಲಾಗಿ ಬರೆದಿರುತ್ತಾರೆ. ಕಳೆದ ವರ್ಷ ಫಸ್ಟ್ ಪಿಯು ಸೇರಿದಾಗ ನನ್ನದನ್ನೂ ಬರೆದುಕೊಂಡರು. ನನ್ನ ಹೆಸರಿನ ಮೇಲಿದ್ದ ಸಾಲುಗಳನ್ನು ನಾನು ನಿಂತಲ್ಲಿಂದಲೇ ಓದಬಹುದಿತ್ತು. ಮೂವರದ್ದೂ ಒಂದೇ ನಮೂನೆಯ ಪಾಸ್‌ವರ್ಡ್: ಹೆಸರು, ಆಮೇಲೆ ಅಟ್ ಚಿಹ್ನೆ, ಆಮೇಲೆ ಒಂದು ಎರಡು ಮೂರು. ನನ್ನದೂ ಅದೇ ಆಗಿತ್ತು.

ಅಂಗಡಿಯವರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಕೊನೆಯ ದಿನ ರಾತ್ರಿವರೆಗೂ ಅಂಗಡಿ ತೆರೆದಿಟ್ಟು ಎಷ್ಟೋ ಜನರ ಅರ್ಜಿ ಹಾಕಿಕೊಟ್ಟಿದ್ದಾರೆ. ಆದರೆ ಪಕ್ಕದ ಮನೆಯವರು ಒಳ್ಳೆಯವರೆಂದು ನಾವು ನಮ್ಮ ಬೀರುವಿನ ಕೀಲಿಯನ್ನು ಅವರ ಜಗಲಿಯ ಮೇಲೆ ಇಟ್ಟುಬರುವುದಿಲ್ಲವಲ್ಲ. ಆ ಖಾತೆಯೊಳಗೆ ನಮ್ಮ ಫೋಟೊ, ಮನೆ ವಿಳಾಸ, ಅಬ್ಬಾ ಅವರ ಆದಾಯ ಪ್ರಮಾಣಪತ್ರ, ಬ್ಯಾಂಕಿನ ವಿವರ ಎಲ್ಲವೂ ಇದೆ. ಪುಸ್ತಕ ಮಾತ್ರ ಬಂದವರ ಕೈಗೆಲ್ಲ ಸಿಗುತ್ತದೆ.

ನಮ್ಮ ಪಾಸ್‌ವರ್ಡ್‌ಗಳು ಆ ಪುಸ್ತಕದಿಂದ ನಮ್ಮ ಮನೆಗೆ ಬರಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಪಾಸ್‌ವರ್ಡ್ ಮ್ಯಾನೇಜರ್ ಒಳ್ಳೆಯ ದಾರಿ. ಆದರೆ ಅದನ್ನು ಹಾಕಿಕೊಳ್ಳಿ ಎಂದು ಹೇಳುವವರು ಅರ್ಧ ಪಾಠವನ್ನಷ್ಟೇ ಹೇಳುತ್ತಾರೆ. ಉಳಿದ ಅರ್ಧ ನನಗೆ ಪೆಟ್ಟು ತಿಂದ ಮೇಲೆ ಗೊತ್ತಾಯಿತು.

ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಭಾಯಿಜಾನ್ ಬಕ್ರೀದ್‌ಗೆ ಬಂದಾಗ ಮನೆಯ ಹಳೆಯ ಕಂಪ್ಯೂಟರಿಗೆ ಕೀಪಾಸ್ ಎಕ್ಸ್‌ಸಿ, ನನ್ನ ಫೋನಿಗೆ ಕೀಪಾಸ್ ಡಿಎಕ್ಸ್ ಹಾಕಿಕೊಟ್ಟರು. ಎರಡಕ್ಕೂ ಹಣ ಕೊಡಬೇಕಿಲ್ಲ. ಎಲ್ಲ ಪಾಸ್‌ವರ್ಡ್‌ಗಳೂ ಬೀಗ ಹಾಕಿದ ಒಂದೇ ಫೈಲಿನಲ್ಲಿ ಇರುತ್ತವೆ. ಆ ಫೈಲನ್ನು ತೆರೆಯಲು ಒಂದು ಮುಖ್ಯ ಪಾಸ್‌ವರ್ಡ್ ಸಾಕು. ಅದನ್ನು ಮರೆತರೆ ಮಾತ್ರ ಯಾರೂ ತೆರೆದುಕೊಡಲಾರರು. ಫೈಲನ್ನು ಒಂದು ಕ್ಲೌಡ್ ಡ್ರೈವ್‌ನಲ್ಲಿ ಇಟ್ಟರೆ ಕಂಪ್ಯೂಟರಿಗೂ ಫೋನಿಗೂ ಅದೇ ಫೈಲ್ ಸಿಗುತ್ತದೆ. ಇದನ್ನೇ ಸಿಂಕ್ ಎನ್ನುತ್ತಾರೆ.

ನಮ್ಮ ಮನೆಯಲ್ಲಿ ಆನ್‌ಲೈನ್ ಕೆಲಸವೆಲ್ಲ ನನ್ನದೇ. ಕರೆಂಟ್ ಬಿಲ್, ಅಮ್ಮಿಯ ಗ್ಯಾಸ್ ಬುಕಿಂಗ್, ದಾದಿಯ ಆಧಾರ್ ತಿದ್ದುಪಡಿ, ನನ್ನ ಸ್ಕಾಲರ್‌ಶಿಪ್ ಎಲ್ಲವೂ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಹೀಗೇ ಇರುತ್ತದೆ. ಹದಿನೇಳನೇ ವಯಸ್ಸಿಗೆ ಇಡೀ ಮನೆಯ ಅಮಾನತ್ ನಮ್ಮ ಕೈಯಲ್ಲಿದೆ. ನಾನು ಎಲ್ಲವನ್ನೂ ಆ ಫೈಲಿಗೆ ಸೇರಿಸಿದೆ. ಸೇರಿಸಿದ್ದಷ್ಟೇ ಅಲ್ಲ, ತರಗತಿಯಲ್ಲಿ ಎಲ್ಲರಿಗೂ ಭಾಷಣ ಬಿಗಿದೆ: "ಆ ಪುಸ್ತಕದಲ್ಲಿ ಬರೆಸಬೇಡಿ, ನನ್ನ ಹಾಗೆ ಮಾಡಿ."

ಸ್ಕಾಲರ್‌ಶಿಪ್ ಅರ್ಜಿಗೆ ಮೂರು ದಿನ ಉಳಿದಿದ್ದಾಗ ರಾತ್ರಿ ಮನೆಯ ಕಂಪ್ಯೂಟರಿನಲ್ಲಿ ನನ್ನ ಹಳೆಯ ಪಾಸ್‌ವರ್ಡ್ ಬದಲಿಸಿದೆ. ಇಪ್ಪತ್ತು ಅಕ್ಷರದ, ಯಾರ ಬಾಯಿಗೂ ಬಾರದ ಪಾಸ್‌ವರ್ಡ್. ಉಳಿಸಿ ಮಲಗಿದೆ. ಮರುದಿನ ದಾಖಲೆ ಸ್ಕ್ಯಾನ್ ಮಾಡಿಸಿ ಹಾಕಲು ಅದೇ ಸೈಬರ್ ಅಂಗಡಿಗೆ ಹೋದೆ. ಫೋನ್ ತೆರೆದರೆ ಅದರಲ್ಲಿ ಹಳೆಯ ಪಾಸ್‌ವರ್ಡೇ ಇತ್ತು. ಹೊಸದು ನೆನಪಿರಲು ಸಾಧ್ಯವೇ ಇಲ್ಲ. ಹಳೆಯದನ್ನೇ ಒಂದು ಸಲ, ಎರಡು ಸಲ, ಮೂರು ಸಲ ಹಾಕಿದೆ. ಖಾತೆ ಆ ದಿನದ ಮಟ್ಟಿಗೆ ಲಾಕ್ ಆಯಿತು. 'ಪಾಸ್‌ವರ್ಡ್ ಮರೆತಿದ್ದೇನೆ' ಎಂದು ಒತ್ತೋಣವೆಂದರೆ ಓಟಿಪಿ ಹೋಗುವುದು ಅಬ್ಬಾ ಅವರ ಹಳೆಯ ಸಿಮ್‌ಗೆ. ಆ ಸಿಮ್ ನಿಂತು ಎಂಟು ತಿಂಗಳಾಗಿತ್ತು.

ಅಂಗಡಿಯವರು ನಕ್ಕು, "ನೋಡಮ್ಮಾ, ನನ್ನ ಪುಸ್ತಕದಲ್ಲಿ ಬರೆಸಿದ್ರೆ ಈ ಗೋಳು ಇರ್ತಿತ್ತಾ?" ಎಂದರು. ನಾನು ಭಾಷಣ ಬಿಗಿದಿದ್ದ ಇಬ್ಬರು ಗೆಳತಿಯರು ನನ್ನ ಹಿಂದೆಯೇ ಸಾಲಿನಲ್ಲಿ ನಿಂತಿದ್ದರು. ಇಬ್ಬರೂ ಅಂದು ಪುಸ್ತಕದಲ್ಲೇ ಬರೆಸಿದರು. ಅರ್ಜಿ ತಪ್ಪಬಹುದೆಂಬ ಭಯಕ್ಕಿಂತ ಅದು ನನಗೆ ಹೆಚ್ಚು ನೋವು ಕೊಟ್ಟಿತು.

ಮನೆಗೆ ಬಂದು ಇನ್ನೊಂದು ತಪ್ಪು ಮಾಡಿದೆ. ಖಾತೆ ಹೇಗೂ ನಾಳೆಯವರೆಗೆ ತೆರೆಯುವುದಿಲ್ಲ, ಮೊದಲು ಸಿಂಕ್ ಸರಿಮಾಡೋಣ ಎಂದುಕೊಂಡೆ. ಫೋನಿನ ಫೈಲನ್ನು ಕೇಬಲ್ ಹಾಕಿ ಕಂಪ್ಯೂಟರಿಗೆ ತಂದು, ಎರಡನ್ನೂ ಒಂದು ಮಾಡುವ 'ಮರ್ಜ್' ಒತ್ತಿದೆ. ಒಂದಾಯಿತು. ಆದರೆ ಸ್ಕಾಲರ್‌ಶಿಪ್‌ನ ಸಾಲಿನಲ್ಲಿ ಉಳಿದದ್ದು ಹಳೆಯ ಪಾಸ್‌ವರ್ಡ್! ನಿನ್ನೆ ರಾತ್ರಿ ಕಣ್ಣಾರೆ ಉಳಿಸಿದ್ದು ಮಾಯವಾಗಿತ್ತು. ಅಳುತ್ತಲೇ ಭಾಯಿಜಾನ್‌ಗೆ ಫೋನ್ ಮಾಡಿದೆ. ಅವರು ಹೇಳಿದ ಮೊದಲ ಮಾತು: "ಈಗ ಏನನ್ನೂ ಡಿಲೀಟ್ ಮಾಡಬೇಡ. ಆಪ್ ತೆಗೆಯಬೇಡ. ಎರಡೂ ಫೈಲಿನ ಒಂದೊಂದು ನಕಲು ಬೇರೆ ಕಡೆ ಇಡು. ಆಮೇಲೆ ಮಾತಾಡೋಣ."

ನಕಲು ಮಾಡುವಾಗ ನನಗೆ ನಮ್ಮ ಅಕೌಂಟೆನ್ಸಿ ಮೇಡಂ ನೆನಪಾದರು. ಫಸ್ಟ್ ಪಿಯುನಲ್ಲಿ ನಾವೆಲ್ಲ ಬ್ಯಾಂಕ್ ರಿಕನ್ಸಿಲಿಯೇಶನ್ ಸ್ಟೇಟ್‌ಮೆಂಟ್ ಮಾಡಿದ್ದೇವೆ. ನಮ್ಮ ನಗದು ಪುಸ್ತಕದಲ್ಲಿ ಒಂದು ಬಾಕಿ, ಬ್ಯಾಂಕಿನ ಪಾಸ್‌ಬುಕ್‌ನಲ್ಲಿ ಇನ್ನೊಂದು ಬಾಕಿ. ಹಾಗಿದ್ದಾಗ ಯಾವುದನ್ನೂ ಹರಿದು ಹಾಕುವುದಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟು, ಹೊಂದಿದ್ದಕ್ಕೆ ಟಿಕ್ ಹಾಕಿ, ಹೊಂದದ್ದನ್ನು ಬೇರೆ ಬರೆದು, ಪ್ರತಿಯೊಂದಕ್ಕೂ ಕಾರಣ ಹುಡುಕುತ್ತೇವೆ. ಚೆಕ್ ಕೊಟ್ಟಿದ್ದೇವೆ, ಆದರೆ ಇನ್ನೂ ಬ್ಯಾಂಕಿಗೆ ಬಂದಿಲ್ಲ. ಬ್ಯಾಂಕ್ ಶುಲ್ಕ ಕಡಿತ ಮಾಡಿದೆ, ಆದರೆ ನಮಗೆ ಗೊತ್ತಿಲ್ಲ. ಕಂಪ್ಯೂಟರಿನ ಫೈಲ್ ನಗದು ಪುಸ್ತಕ, ಫೋನಿನದು ಪಾಸ್‌ಬುಕ್ ಎಂದುಕೊಂಡು ಕುಳಿತೆ.

ಬಿ.ಆರ್.ಎಸ್.ನಲ್ಲಿ ಮೊದಲು ಕೇಳಬೇಕಾದದ್ದು, ಎರಡೂ ಒಂದೇ ಖಾತೆಯವೇ ಎಂದು. ಭಾಯಿಜಾನ್ ಕೇಳಿದ್ದೂ ಅದನ್ನೇ: "ಫೋನಿನಲ್ಲಿ ಫೈಲನ್ನು ಎಲ್ಲಿಂದ ತೆರೆದಿದ್ದೀಯ?" ನೋಡಿದರೆ ಡೌನ್‌ಲೋಡ್ ಫೋಲ್ಡರಿನಿಂದ. ಮೊದಲ ದಿನ ನೆಟ್ ನಿಧಾನವಿತ್ತೆಂದು ಅವರು ಫೈಲನ್ನು ವಾಟ್ಸ್‌ಆಪ್‌ನಲ್ಲಿ ಕಳಿಸಿದ್ದರು. ನಾನು ಅದನ್ನೇ ತೆರೆದು ಬಳಸುತ್ತಿದ್ದೆ. ಡ್ರೈವ್‌ನಲ್ಲಿದ್ದ ಫೈಲ್ ಬೇರೆ, ನನ್ನ ಫೋನಿನಲ್ಲಿದ್ದದ್ದು ಅದರ ಜೆರಾಕ್ಸ್. ಗ್ಯಾಸು, ಕರೆಂಟು ಫೋನಿನಲ್ಲಿ, ಕಾಲೇಜಿನ ಕೆಲಸ ಕಂಪ್ಯೂಟರಿನಲ್ಲಿ ಮಾಡುತ್ತಿದ್ದುದರಿಂದ ಅಷ್ಟು ದಿನ ಇದು ಗೊತ್ತೇ ಆಗಲಿಲ್ಲ. ಸಿಂಕ್ ಕೆಟ್ಟಿರಲಿಲ್ಲ. ಸಿಂಕ್ ಇರಲೇ ಇಲ್ಲ.

ಎರಡನೆಯ ಪ್ರಶ್ನೆ ತಾರೀಖಿನದು. ಮರ್ಜ್ ಮಾಡಿದಾಗ ಹೊಸ ಪಾಸ್‌ವರ್ಡ್ ಏಕೆ ಸೋತಿತು? ಒಂದೇ ಸಾಲು ಎರಡೂ ಕಡೆ ಬದಲಾಗಿದ್ದರೆ ಕೀಪಾಸ್ ಎಕ್ಸ್‌ಸಿ ಯಾವುದು ಕೊನೆಗೆ ಬದಲಾಗಿದೆಯೋ ಅದನ್ನು ಮುಂದಿಡುತ್ತದೆ. ಪಾಸ್‌ವರ್ಡ್ ಬದಲಿಸಿದ ದಿನವೇ ಮಧ್ಯಾಹ್ನ ನಾನು ಫೋನಿನಲ್ಲಿ ಆ ಸಾಲಿಗೆ ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಸೇರಿಸಿದ್ದೆ. ಪಾಸ್‌ವರ್ಡ್ ಬದಲಿಸಿದ್ದು ಅದರ ನಂತರ, ರಾತ್ರಿ. ಹಾಗಾದರೆ ಕಂಪ್ಯೂಟರಿನದೇ ಗೆಲ್ಲಬೇಕಿತ್ತು. ಭಾಯಿಜಾನ್ ಮೂಲೆಯ ಗಡಿಯಾರ ನೋಡಲು ಹೇಳಿದರು. ನಮ್ಮ ಕಂಪ್ಯೂಟರಿನಲ್ಲಿ ಎರಡು ದಿನ ಹಿಂದಿನ ತಾರೀಖು ಇತ್ತು! ಕಂಪ್ಯೂಟರಿನೊಳಗೆ ನಾಣ್ಯದ ಆಕಾರದ ಒಂದು ಸಣ್ಣ ಬ್ಯಾಟರಿ ಇರುತ್ತದೆ, ಸಿಆರ್ 2032 ಎಂದು. ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದೇ. ಅದು ಸೊರಗಿತ್ತು. ನಾವು ದಿನಾ ಪ್ಲಗ್ ಕಿತ್ತಿಡುತ್ತಿದ್ದೆವು. ಸಮಯವನ್ನು ತಾನಾಗಿಯೇ ಸರಿಮಾಡಿಕೊಳ್ಳುವ ಸೆಟ್ಟಿಂಗೂ ಆಫ್ ಆಗಿತ್ತು. ಹೀಗಾಗಿ ರಾತ್ರಿಯ ಬದಲಾವಣೆಗೆ ಎರಡು ದಿನ ಹಿಂದಿನ ತಾರೀಖು ಬಿತ್ತು. ಪ್ರೋಗ್ರಾಂ ಲೆಕ್ಕ ಸರಿಯಾಗಿಯೇ ಮಾಡಿತ್ತು, ನಾನು ಕೊಟ್ಟ ತಾರೀಖು ತಪ್ಪಾಗಿತ್ತು.

ಸೋತ ಪಾಸ್‌ವರ್ಡ್ ಎಲ್ಲಿ ಹೋಯಿತು? ಆ ಸಾಲನ್ನು ತೆರೆದು 'ಹಿಸ್ಟರಿ' ಒತ್ತಿದರೆ ಹಳೆಯ ರೂಪಗಳೆಲ್ಲ ಅಲ್ಲಿರುತ್ತವೆ. ನನ್ನ ಇಪ್ಪತ್ತು ಅಕ್ಷರಗಳೂ ಅಲ್ಲೇ ಕುಳಿತಿದ್ದವು. ಮರುದಿನ ಬೆಳಿಗ್ಗೆ ಖಾತೆ ತೆರೆಯಿತು, ಮೊದಲು ಮೊಬೈಲ್ ನಂಬರ್ ಬದಲಿಸಿದೆ, ಕೊನೆಯ ದಿನಕ್ಕೆ ಒಂದು ದಿನ ಮೊದಲು ಅರ್ಜಿ ಹೋಯಿತು. ಗಾಬರಿಯಲ್ಲಿ ಆಪ್ ತೆಗೆದು ಮತ್ತೆ ಹಾಕಿದ್ದರೆ, ಅಥವಾ ಒಂದು ಫೈಲಿನ ಮೇಲೆ ಇನ್ನೊಂದನ್ನು ಅಂಟಿಸಿದ್ದರೆ, ಈ ಲೇಖನ ಬರೆಯುವ ಧೈರ್ಯ ನನಗಿರುತ್ತಿರಲಿಲ್ಲ.

ನೀವು ಬೇರೆ ಮ್ಯಾನೇಜರ್ ಬಳಸುತ್ತಿದ್ದರೂ ಪ್ರಶ್ನೆಗಳು ಇವೇ. ಕ್ರೋಮ್‌ನಲ್ಲಿ ಉಳಿಸಿದ್ದು ಫೋನಿನಲ್ಲಿ ಕಾಣದಿದ್ದರೆ ಮೊದಲು ನೋಡಬೇಕಾದದ್ದು, ಎರಡೂ ಕಡೆ ಒಂದೇ ಜಿಮೇಲ್ ಖಾತೆ ಇದೆಯೇ ಎಂದು. ಕಂಪ್ಯೂಟರಿನಲ್ಲಿ ನಿಮ್ಮದು, ಫೋನಿನಲ್ಲಿ ಅಬ್ಬಾ ಅವರದ್ದು ಇದ್ದರೆ ಅವು ಎಂದಿಗೂ ಹೊಂದುವುದಿಲ್ಲ. ಆಮೇಲೆ ತಾರೀಖು ಮತ್ತು ಸಮಯ. ಆಮೇಲೆ ವೈಫೈ ಇದ್ದಾಗ ಮಾತ್ರ ಸಿಂಕ್ ಎಂಬ ಸೆಟ್ಟಿಂಗ್ ಇದೆಯೇ, ಬ್ಯಾಟರಿ ಉಳಿತಾಯಕ್ಕೆಂದು ಫೋನ್ ಆ ಆಪನ್ನು ನಿಲ್ಲಿಸಿದೆಯೇ ಎಂದು ನೋಡಿ. ಇಷ್ಟು ನೋಡುವವರೆಗೆ ಯಾವುದನ್ನೂ ಅಳಿಸಬೇಡಿ.

ನಮ್ಮ ಅಮ್ಮಿ ಬೀದಿಯ ಹೆಂಗಸರ ಜೊತೆ ಚೀಟಿ ನಡೆಸುತ್ತಾರೆ. ಪ್ರತಿ ತಿಂಗಳು ಅವರ ಪುಸ್ತಕ, ಪಕ್ಕದ ಮನೆಯ ಖಾಲಾಜಾನ್ ಪುಸ್ತಕ ಎರಡನ್ನೂ ಎದುರುಬದುರು ಇಟ್ಟು ಓದುತ್ತಾರೆ. "ಹಿಸಾಬ್ ಮಿಲೇ ತಕ್ ಪೈಸ್ಯಾಂಕು ಹಾತ್ ನಕ್ಕೋ ಲಗಾವ್" ಎನ್ನುತ್ತಾರೆ, ಲೆಕ್ಕ ಹೊಂದುವವರೆಗೆ ಹಣ ಮುಟ್ಟಬೇಡಿ ಎಂದು. ಕಂಪ್ಯೂಟರ್ ಮುಟ್ಟದ ನಮ್ಮ ಅಮ್ಮಿಗೆ ಗೊತ್ತಿದ್ದದ್ದು ಕಾಮರ್ಸ್ ಓದುವ ನನಗೆ ಹೊಳೆಯಲಿಲ್ಲ. ಸಿಂಕ್ ಎಂಬ ಪದ ಕೇಳಿ, ಯಂತ್ರ ಎಲ್ಲವನ್ನೂ ನೋಡಿಕೊಳ್ಳುತ್ತದೆ ಎಂದು ನಂಬಿ ಕುಳಿತಿದ್ದೆ.

"ನಿನಗೆ ಮನೆಯಲ್ಲಿ ಕಂಪ್ಯೂಟರ್ ಇದೆ, ನಮಗೆ ಸ್ವಂತ ಫೋನೂ ಇಲ್ಲ" ಎಂದು ಒಬ್ಬ ಗೆಳತಿ ಹೇಳಿದಳು. ಅವಳ ಮಾತು ನಿಜ. ಮನೆಗೆ ಒಂದೇ ಫೋನ್, ಅದೂ ಬೆಳಿಗ್ಗೆ ಅಬ್ಬಾ ಜೊತೆ ಕೆಲಸಕ್ಕೆ ಹೋಗುತ್ತದೆ ಎನ್ನುವವರು ನಮ್ಮಲ್ಲಿ ಬಹಳ ಇದ್ದಾರೆ. ಅವರಿಗೆ ನಾನು ಹೇಳುವುದು ಇಷ್ಟೆ: ನಿಮ್ಮದೇ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ, ಅದು ಬೀರುವಿನಲ್ಲಿ ರೇಷನ್ ಕಾರ್ಡಿನ ಜೊತೆ ಇರಲಿ. ಕಾಗದದಲ್ಲಿ ಬರೆಯುವುದು ನಾಚಿಕೆಯಲ್ಲ. ನನ್ನ ಮುಖ್ಯ ಪಾಸ್‌ವರ್ಡ್ ಕೂಡ ಈಗ ಅಮ್ಮಿಯ ಸ್ಟೀಲ್ ಡಬ್ಬಿಯಲ್ಲಿ ಕಾಗದದ ಮೇಲಿದೆ. ಮನೆಯ ಡಬ್ಬಿಯನ್ನು ಮನೆಯವರು ಮಾತ್ರ ತೆರೆಯುತ್ತಾರೆ, ಅಂಗಡಿಯ ಪುಸ್ತಕ ಹಾಗಲ್ಲ.

ಕಾಲೇಜಿನಿಂದ ನಾನು ಕೇಳಿಕೊಳ್ಳುವುದು ಒಂದು ಗಂಟೆಯನ್ನು ಮಾತ್ರ. ಸ್ಕಾಲರ್‌ಶಿಪ್ ಅರ್ಜಿ ಆರಂಭವಾಗುವ ವಾರದಲ್ಲಿ ಕಂಪ್ಯೂಟರ್ ಲ್ಯಾಬ್‌ನಲ್ಲಿ ಪ್ರತಿ ತರಗತಿಗೆ ಒಂದು ಗಂಟೆ ಕೊಡಿ. ಪ್ರತಿಯೊಬ್ಬರೂ ತಮ್ಮ ಪಾಸ್‌ವರ್ಡನ್ನು ತಾವೇ ಬದಲಿಸಲಿ. ಖಾತೆಯಲ್ಲಿರುವ ಮೊಬೈಲ್ ನಂಬರ್ ಮನೆಯದೇ, ಅದು ಚಾಲೂ ಇದೆಯೇ ಎಂದು ನೋಡಲಿ. ಅಂಗಡಿಯವರ ನಂಬರ್ ಹಾಕಿದ್ದರೆ ಓಟಿಪಿ ಅವರಿಗೇ ಹೋಗುತ್ತದೆ, ಆಗ ಪಾಸ್‌ವರ್ಡ್ ಎಷ್ಟು ಗಟ್ಟಿಯಿದ್ದರೂ ಪ್ರಯೋಜನವಿಲ್ಲ. ನಾವು ವಿದ್ಯಾರ್ಥಿಗಳೂ ನಮ್ಮ ಪಾಸ್‌ವರ್ಡನ್ನು ಕ್ಲಾಸ್ ಗ್ರೂಪಿಗೆ ಹಾಕಿ "ಯಾರಾದರೂ ನನ್ನ ಅರ್ಜಿ ನೋಡಿ" ಎನ್ನುವುದನ್ನು ಬಿಡಬೇಕು. ಸೆಕೆಂಡ್ ಪಿಯು ಕಾಮರ್ಸ್‌ನವರು ಆ ಗಂಟೆಯಲ್ಲಿ ಫಸ್ಟ್ ಪಿಯುನವರ ಪಕ್ಕ ಕುಳಿತು ಸಹಾಯ ಮಾಡಬಹುದು. ನಾನು ಮೊದಲ ದಿನವೇ ಬರುತ್ತೇನೆ.

ಕಂಪ್ಯೂಟರಿಗೆ ಹೊಸ ಬ್ಯಾಟರಿ ಹಾಕಿಸಿದ್ದೇವೆ. ಫೋನಿನಲ್ಲಿ ಈಗ ಡ್ರೈವ್‌ನ ಫೈಲೇ ತೆರೆಯುತ್ತದೆ. ಅಮ್ಮಿ ಚೀಟಿ ಲೆಕ್ಕಕ್ಕೆ ಕೂರುವ ದಿನ ನಾನೂ ಪಕ್ಕದಲ್ಲಿ ಕುಳಿತು ಕಂಪ್ಯೂಟರ್, ಫೋನ್ ಎರಡನ್ನೂ ತೆರೆದು ಸಾಲು ಸಾಲಾಗಿ ಟಿಕ್ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ. ಪುಸ್ತಕದಲ್ಲಿ ಬರೆಸಿದ ಆ ಇಬ್ಬರು ಗೆಳತಿಯರಲ್ಲಿ ಒಬ್ಬಳು ಕಳೆದ ವಾರ ಬಂದು, "ನಿನ್ನ ಆ ಆಪ್ ಹೇಗೆ ಹಾಕೋದು, ತೋರಿಸು" ಎಂದಳು. ಈ ಸಲ ನಾನು ಭಾಷಣ ಮಾಡಲಿಲ್ಲ. ಮೊದಲು ಅವಳ ಫೋನಿನ ತಾರೀಖು ನೋಡಿದೆ.