ಎರಡನೇ ಪ್ರೋಗ್ರಾಮಿಂಗ್ ಭಾಷೆಗೆ ಇನ್ನೊಂದು ಫೀಸ್ ಯಾಕೆ?

ಯೂಟ್ಯೂಬ್ ನೋಡಿ ತಾವೇ ಪೈಥಾನ್ ಕಲಿತ ಹುಡುಗ ಹುಡುಗಿಯರು ನಮ್ಮ ಪುತ್ತಿಗೆ, ಮೂಡುಬಿದಿರೆ ಕಡೆ ಈಗ ಅಪರೂಪವಲ್ಲ. ಗೊಂದಲ ಶುರುವಾಗುವುದು ಅದರ ನಂತರ. ಒಂದು ಕೆಲಸದ ಜಾಹೀರಾತಿನಲ್ಲಿ ಜಾವಾ ಬೇಕು ಎಂದಿರುತ್ತದೆ, ಇನ್ನೊಂದರಲ್ಲಿ ಜಾವಾಸ್ಕ್ರಿಪ್ಟ್. "ಅದಕ್ಕೆ ಮಂಗಳೂರಲ್ಲಿ ಬೇರೆ ಕೋರ್ಸ್ ಉಂಟಂತೆ" ಎಂಬ ಮಾತು ಮನೆಗೆ ಬರುತ್ತದೆ. ಅಡಿಕೆ ಮಾರಿದ ದುಡ್ಡು ಅತ್ತ ಹೋಗುತ್ತದೆ.

ನಮ್ಮ ಅಭಿಪ್ರಾಯ ಇಷ್ಟೆ: ಮೊದಲ ಭಾಷೆ ಕೈಗೆ ಸರಿಯಾಗಿ ಕೂತಿದ್ದರೆ ಎರಡನೆಯದಕ್ಕೆ ಆ ಫೀಸ್ ಬೇಡ. ಬೇಕಾದದ್ದು ಒಂದು ಕೀಬೋರ್ಡ್ ಮತ್ತು ನೀವೇ ಬರೆದ ಒಂದು ಹಳೆ ಪ್ರೋಗ್ರಾಂ.

ನಮ್ಮ ಊರಿನವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್. ಎರಡನೇ ಭಾಷೆಗೆ ಹೋಗುವಾಗ ಮಾತಾಡುವುದು ಹೇಗೆ ಎಂದು ಯಾರೂ ಮೊದಲಿಂದ ಕಲಿಯಲಿಲ್ಲ. ಪ್ರೋಗ್ರಾಮಿಂಗ್ ಕೂಡ ಹಾಗೆಯೇ. ಲೆಕ್ಕವನ್ನು ಒಂದು ಹೆಸರಲ್ಲಿ ಇಡುವುದು, ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು, 'ಹೀಗಿದ್ದರೆ ಇದು, ಇಲ್ಲದಿದ್ದರೆ ಅದು' ಎನ್ನುವುದು ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್ ಮೂರರಲ್ಲೂ ಉಂಟು.

ಎಡವುವುದು ಒಂದೇ ಥರ ಕಾಣುವ ಕಡೆ. ತುಳುವಿನಲ್ಲಿ 'ಇಲ್ಲ್' ಅಂದರೆ ಮನೆ, ಕನ್ನಡದಲ್ಲಿ 'ಇಲ್ಲ' ಅಂದರೆ ಇಲ್ಲ. ಇಂಥದ್ದು ಕೋಡಿನಲ್ಲೂ ಬೇಕಾದಷ್ಟಿದೆ.

ಹಾಲಿನ ಲೆಕ್ಕವನ್ನೇ ನೋಡಿ. ಬೆಳಿಗ್ಗೆ 5 ಲೀಟರ್, ಸಂಜೆ 3 ಲೀಟರ್. ಬೆಳಿಗ್ಗೆಯ 5 ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ ಒಳಗೆ ಬಂದಿದೆ ಎಂದುಕೊಳ್ಳಿ. ವೆಬ್ ಪುಟದ ಫಾರಂನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಹಾಗೆಯೇ ಬರುತ್ತದೆ. ಅದಕ್ಕೆ 3 ಕೂಡಿಸಲು ಹೇಳಿದರೆ ಪೈಥಾನ್ ತಪ್ಪು ತೋರಿಸಿ ನಿಲ್ಲುತ್ತದೆ. ಜಾವಾಸ್ಕ್ರಿಪ್ಟ್ ನಿಲ್ಲುವುದಿಲ್ಲ. ಎರಡನ್ನೂ ಪಕ್ಕಪಕ್ಕ ಅಂಟಿಸಿ 53 ಎನ್ನುತ್ತದೆ! ಇನ್ನು 7 ಲೀಟರನ್ನು ಇಬ್ಬರಿಗೆ ಹಂಚಿ. ಪೈಥಾನ್ 3ರಲ್ಲಿ ಉತ್ತರ 3.5. ಜಾವಾದಲ್ಲಿ ಎರಡನ್ನೂ ಪೂರ್ಣಾಂಕ ಎಂದು ಬರೆದಿದ್ದರೆ ಉತ್ತರ 3. ಅರ್ಧ ಲೀಟರ್ ಎಲ್ಲಿಗೆ ಹೋಯಿತು ಎಂದು ಅದು ಹೇಳುವುದಿಲ್ಲ.

ಹಾಗಾಗಿ ಎರಡನೇ ಭಾಷೆಯನ್ನು 'ವೇರಿಯೇಬಲ್ ಎಂದರೇನು' ಎಂಬ ಮೊದಲ ವಿಡಿಯೋದಿಂದ ನೋಡುವುದು ಕಾಲಹರಣ. ನೀವು ಪೈಥಾನ್‌ನಲ್ಲಿ ಬರೆದ ಹಾಲಿನ ಲೆಕ್ಕವನ್ನೋ ಅಡಿಕೆ ಕೊಯ್ಲಿನ ಕೂಲಿ ಲೆಕ್ಕವನ್ನೋ ತೆಗೆದುಕೊಳ್ಳಿ. ಅದನ್ನೇ ಹೊಸ ಭಾಷೆಯಲ್ಲಿ ಬರೆಯಿರಿ. ಎರಡಕ್ಕೂ ಅದೇ ಅಂಕಿ ಕೊಡಿ. ಉತ್ತರ ಎಲ್ಲಿ ಬೇರೆಯಾಯಿತೋ ಅಲ್ಲಿ ನಿಂತು ಯಾಕೆ ಎಂದು ಹುಡುಕಿ. ಹೊಸ ಭಾಷೆಯ ಪಾಠ ಇರುವುದೇ ಅಲ್ಲಿ.

ಇಂಗ್ಲಿಷ್ ಬರುವುದಿಲ್ಲ ಎಂದು ಹಿಂಜರಿಯುವವರಿಗೆ ಎರಡು ಮಾತು. ಈ ಮೂರೂ ಭಾಷೆಗಳಲ್ಲಿ ವೇರಿಯೇಬಲ್‌ಗೆ 'ಹಾಲು', 'ಕೂಲಿ' ಎಂದು ಕನ್ನಡ ಲಿಪಿಯಲ್ಲೇ ಹೆಸರಿಡಬಹುದು. ಮುಂಬೈ ಐಐಟಿಯ 'ಸ್ಪೋಕನ್ ಟ್ಯುಟೋರಿಯಲ್' ಪಾಠಗಳು ಕನ್ನಡ ಧ್ವನಿಯಲ್ಲೂ ಉಚಿತವಾಗಿ ಸಿಗುತ್ತವೆ.

ಕಂಪ್ಯೂಟರ್ ಡಿಗ್ರಿ ಇಲ್ಲದೆ ಆಗುತ್ತದಾ ಎಂದು ಕೇಳುವವರಿಗೆ ಡಾ. ಯು. ಬಿ. ಪವನಜ ಅವರ ಉದಾಹರಣೆ ಸಾಕು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ರಸಾಯನಶಾಸ್ತ್ರದ ವಿಜ್ಞಾನಿಯಾಗಿದ್ದವರು ಅವರು. 1996ರಲ್ಲಿ 'ವಿಶ್ವಕನ್ನಡ' ಅಂತರಜಾಲ ಪತ್ರಿಕೆ ತಂದರು. ಲೋಗೋ ಎಂಬ, ಮಕ್ಕಳಿಗಾಗಿಯೇ ಇರುವ ಪ್ರೋಗ್ರಾಮಿಂಗ್ ಭಾಷೆಯನ್ನು ಕನ್ನಡಕ್ಕೂ ತಂದರು.

ಎಲ್ಲ ಕೋರ್ಸೂ ದಂಡ ಎನ್ನುತ್ತಿಲ್ಲ. ಮೊದಲ ಭಾಷೆಯಲ್ಲಿ ಸ್ವಂತದ್ದೊಂದು ಪ್ರೋಗ್ರಾಂ ಇನ್ನೂ ಬರೆಯಲಾಗದವರಿಗೆ ಕಲಿಸುವವರು ಬೇಕು. ಆದರೆ ಆಗಲೂ ಬೇಕಾದದ್ದು ಮೊದಲನೆಯದರ ಪಾಠವೇ ಹೊರತು ಎರಡನೆಯದರದ್ದಲ್ಲ. ಅಪ್ಪ ಅಮ್ಮಂದಿರು ಫೀಸ್ ಕಟ್ಟುವ ಮೊದಲು ಮಕ್ಕಳಲ್ಲಿ ಒಂದೇ ಪ್ರಶ್ನೆ ಕೇಳಿ: "ನೀನೇ ಬರೆದದ್ದು ಒಂದು ತೋರಿಸು ನೋಡುವ." ಕಂಪ್ಯೂಟರ್ ತಿಳಿಯದಿದ್ದರೂ ಪರವಾಗಿಲ್ಲ. ಹಾಲಿನ ಲೆಕ್ಕ ಸರಿ ಬಂತೋ ಇಲ್ಲವೋ ಎಂದು ನಿಮಗೆ ಗೊತ್ತಾಗುತ್ತದೆ.

ನಿಜವಾದ ಕೊರತೆ ಕೀಬೋರ್ಡಿನದ್ದು. ಫೋನಿನ ಬ್ರೌಸರಿನಲ್ಲಿ ಗೂಗಲ್ ಕೋಲ್ಯಾಬ್ ತೆರೆದು ಪೈಥಾನ್ ಓಡಿಸಬಹುದು, ಸರಿ. ಆದರೆ ನೂರು ಸಾಲು ಬರೆಯುವಾಗ ಹೆಬ್ಬೆರಳು ಸೋಲುತ್ತದೆ. ಗ್ರಾಮ ಪಂಚಾಯತ್ ಗ್ರಂಥಾಲಯಗಳನ್ನು ಈಗ 'ಅರಿವು ಕೇಂದ್ರ' ಎನ್ನುತ್ತಾರೆ. ಸಂಜೆ ಎರಡು ಗಂಟೆ ಅಲ್ಲಿ ಎರಡು ಕಂಪ್ಯೂಟರ್ ಕಲಿಯುವವರ ಕೈಗೆ ಸಿಕ್ಕಿದರೆ ಎಷ್ಟೋ ಮನೆಗಳ ಫೀಸ್ ಉಳಿದೀತು. ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ನೀರಿನ ಜೊತೆ ಇದನ್ನೂ ಕೇಳೋಣ.