ದುಡ್ಡು ನಮ್ಮದು, ಹತಾರ ನಮ್ಮದಲ್ಲ

2025ರ ಜುಲೈನಲ್ಲಿ, ಗುಜರಾತಿನ ವಾಡಿನಾರ್‌ನಲ್ಲಿ ರಿಫೈನರಿ ನಡೆಸುವ ನಯಾರಾ ಎನರ್ಜಿಯ ಸಿಬ್ಬಂದಿಗೆ ಔಟ್‌ಲುಕ್, ಟೀಮ್ಸ್ ಎರಡೂ ಇದ್ದಕ್ಕಿದ್ದಂತೆ ಕೈಕೊಟ್ಟವು. ವೈರಸ್ ಬಂದಿರಲಿಲ್ಲ, ಯಾರೂ ಹ್ಯಾಕ್ ಮಾಡಿರಲಿಲ್ಲ. ಕಂಪನಿಯಲ್ಲಿ ರಷ್ಯಾದ ರೋಸ್‌ನೆಫ್ಟ್‌ಗೆ ಶೇ. 49ರಷ್ಟು ಪಾಲಿದೆ. ಐರೋಪ್ಯ ಒಕ್ಕೂಟ ನಿರ್ಬಂಧ ಹೇರಿತು, ಮೈಕ್ರೋಸಾಫ್ಟ್ ಸೇವೆ ನಿಲ್ಲಿಸಿತು. ಲೈಸೆನ್ಸಿಗೆ ಪೂರ್ತಿ ದುಡ್ಡು ಕಟ್ಟಿದ್ದೇವೆ ಎಂದು ನಯಾರಾ ದೆಹಲಿ ಹೈಕೋರ್ಟ್ ಮೆಟ್ಟಿಲು ಹತ್ತಿತು. ಕೆಲವೇ ದಿನಗಳಲ್ಲಿ ಸೇವೆ ವಾಪಸ್ ಬಂತು, ಸುದ್ದಿಯೂ ಅಲ್ಲಿಗೇ ತಣ್ಣಗಾಯಿತು.

ಹೀಗಾಗಬಹುದು ಅಂತ ಹಳೇ ಪ್ರೋಗ್ರಾಮರುಗಳು ಬಹಳ ಕಾಲದಿಂದ ಗೊಣಗ್ತಾನೇ ಇದ್ದಾರೆ. ನಾವು ಅದನ್ನ 'ನಮ್ಮ ಕಾಲದಲ್ಲಿ' ಪುರಾಣ ಅಂತ ಪಕ್ಕಕ್ಕಿಡ್ತೀವಿ. ಆದರೆ ಆ ಗೊಣಗಾಟದಲ್ಲಿ ಒಂದು ರಾಜಕೀಯ ಪ್ರಶ್ನೆ ಇದೆ. ಅದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಎತ್ತಿದವರು ನಿಕ್ಲಾಸ್ ವಿರ್ತ್.

ವಿರ್ತ್ ಸ್ವಿಟ್ಜರ್ಲೆಂಡಿನವರು. 1970ರಲ್ಲಿ ಪ್ಯಾಸ್ಕಲ್ ಭಾಷೆ ಕೊಟ್ಟವರು, 1984ರ ಟ್ಯೂರಿಂಗ್ ಪ್ರಶಸ್ತಿ ಪಡೆದವರು. 2024ರ ಜನವರಿ 1ರಂದು, 89ನೇ ವಯಸ್ಸಿನಲ್ಲಿ ತೀರಿಕೊಂಡರು. 1995ರಲ್ಲಿ ಅವರು ಬರೆದ ಒಂದು ಲೇಖನ, ಸಾಫ್ಟ್‌ವೇರ್ ಯಾಕೆ ಇಷ್ಟು ಬೊಜ್ಜು ಬೆಳೆಸಿಕೊಳ್ತಿದೆ ಅಂತ ಕೇಳಿತ್ತು. ಹಾರ್ಡ್‌ವೇರ್ ವೇಗವಾಗುವುದಕ್ಕಿಂತ ಬೇಗ ಸಾಫ್ಟ್‌ವೇರ್ ನಿಧಾನವಾಗುತ್ತಿದೆ ಎನ್ನುವ ಅದರೊಳಗಿನ ಮಾತು 'ವಿರ್ತ್ ನಿಯಮ' ಅಂತಲೇ ಹೆಸರಾಯಿತು. (ಪಾಪ, ಆ ಮಾತು ತಮ್ಮ ಸಹೋದ್ಯೋಗಿ ಮಾರ್ಟಿನ್ ರೈಸರ್ ಅವರದು ಅಂತ ವಿರ್ತ್ ಅಲ್ಲೇ ಬರೆದಿದ್ದರು. ಹೆಸರು ಮಾತ್ರ ಇವರಿಗೇ ಅಂಟಿತು.)

ಎಲ್ಲರೂ ನೆನಪಿಟ್ಟುಕೊಂಡಿದ್ದು ವೇಗದ ಆ ಮಾತನ್ನು. ನನಗೆ ಅದಕ್ಕಿಂತ ಮುಖ್ಯ ಅನ್ನಿಸೋದು ಅದೇ ಲೇಖನದ ಇನ್ನೊಂದು ವಾದ. ಹತಾರವನ್ನು ಪೂರ್ತಿ ಕಲಿತು ಅರಗಿಸಿಕೊಂಡ ಗ್ರಾಹಕನಿಗಿಂತ, ಅರ್ಥವಾಗದೆ ಸರ್ವಿಸ್ ಕಾಂಟ್ರ್ಯಾಕ್ಟಿಗೆ ಮುಂಗಡ ಕಟ್ಟುತ್ತಲೇ ಇರುವ ಗ್ರಾಹಕನೇ ಕಂಪನಿಗೆ ಹೆಚ್ಚು ಲಾಭ ಅನ್ನುವುದು ಅದು. ಅಂದ್ರೆ ಜಟಿಲತೆ ಯಾವಾಗಲೂ ಇಂಜಿನಿಯರ್‌ನ ಸೋಲಲ್ಲ, ಕೆಲವೊಮ್ಮೆ ಅದೇ ವ್ಯಾಪಾರ.

ಬರೀ ಬೈದು ಕೂತವರಲ್ಲ ಅವರು. ಯುರ್ಗ್ ಗುಟ್ಕ್ನೆಕ್ಟ್ ಜೊತೆ ಸೇರಿ ಓಬೆರಾನ್ ಎಂಬ ಇಡೀ ಆಪರೇಟಿಂಗ್ ಸಿಸ್ಟಮ್ ಕಟ್ಟಿದರು. ಕಂಪೈಲರ್, ಎಡಿಟರ್ ಎಲ್ಲಾ ಸೇರಿ 200 ಕಿಲೋಬೈಟಿನೊಳಗೆ! ವಾಟ್ಸ್ಯಾಪಲ್ಲಿ ಬರೋ 'ಗುಡ್ ಮಾರ್ನಿಂಗ್' ಚಿತ್ರ ಎಷ್ಟೋ ಸಲ ಇದಕ್ಕಿಂತ ದೊಡ್ಡದಿರುತ್ತೆ. ಅದು ಓಡುತ್ತಿದ್ದ ಪ್ರೊಸೆಸರ್ ಮಾರುಕಟ್ಟೆಯಿಂದಲೇ ಮಾಯವಾದಾಗ, 80ರ ಹೊಸ್ತಿಲಲ್ಲಿದ್ದ ವಿರ್ತ್ ತಾವೇ ಒಂದು ಪ್ರೊಸೆಸರ್ ವಿನ್ಯಾಸ ಮಾಡಿ, ಅದರ ಮೇಲೆ ಓಬೆರಾನ್ ಕೂರಿಸಿ, 2013ರಲ್ಲಿ ತಮ್ಮ ಪುಸ್ತಕವನ್ನೇ ಪರಿಷ್ಕರಿಸಿದರು. ಇದು ಎಲ್ಲರಿಗೂ ಸಾಧ್ಯವಾಗೋ ಮಾತಲ್ಲ ಬಿಡಿ. ಆದರೆ ತಳದಿಂದ ತುದಿವರೆಗೆ ಒಬ್ಬರ ತಲೆಗೆ ಹಿಡಿಯುವಂಥ ಹತಾರವನ್ನು ಯಾರೂ ಒತ್ತೆ ಇಟ್ಟುಕೊಳ್ಳಲಾಗದು ಅನ್ನೋದಕ್ಕೆ ಇದಕ್ಕಿಂತ ಪುರಾವೆ ಬೇಕಾ?

ವಿರ್ತ್ ಭಾಷೆಯನ್ನು ಜನರ ಟೇಬಲ್ಲಿಗೆ ತಂದದ್ದು 1983ರ ಟರ್ಬೋ ಪ್ಯಾಸ್ಕಲ್. ಬೆಲೆ 49.95 ಡಾಲರ್, ಒಂದೇ ಸಲ. ಬೋರ್ಲ್ಯಾಂಡ್ ಕಂಪನಿಯ ಆಗಿನ ಲೈಸೆನ್ಸಿನ ಸಾರ ಇಷ್ಟೇ: ಇದನ್ನು ಪುಸ್ತಕದ ಹಾಗೆ ನೋಡಿ. ಯಾರಿಗೆ ಬೇಕಾದರೂ ಕೊಡಿ, ಯಾವ ಯಂತ್ರದಲ್ಲಾದರೂ ಹಾಕಿ. ಏಕಕಾಲಕ್ಕೆ ಎರಡು ಕಡೆ ಮಾತ್ರ ಬಳಸಬೇಡಿ. ಈಗಿನ ಯಾವುದಾದರೂ ಆ್ಯಪಿನ ಷರತ್ತುಗಳನ್ನು ಇದರ ಪಕ್ಕ ಇಟ್ಟು ಓದಿ ನೋಡಿ.

ಹಾಗಂತ ಹಳೆಯದಕ್ಕೆಲ್ಲ ಹೂ ಹಾಕಿ ಪೂಜೆ ಮಾಡೋದು ಬೇಡ. ಬೋರ್ಲ್ಯಾಂಡಿನದೇ ಟರ್ಬೋ ಸಿ ಎಂಬ ನೀಲಿ ಪರದೆಯನ್ನು ನಮ್ಮ ಎಷ್ಟೋ ಇಂಜಿನಿಯರಿಂಗ್ ಲ್ಯಾಬುಗಳು 20 ವರ್ಷ ತಡವಾಗಿಯೂ ಬಿಟ್ಟಿರಲಿಲ್ಲ. ಜಗತ್ತು ಬಿಟ್ಟುಹಾಕಿದ ಹೆಡರ್ ಫೈಲುಗಳನ್ನು ಬಾಯಿಪಾಠ ಮಾಡಿ ಪಾಸಾದ ಪೀಳಿಗೆ ನಮ್ಮದು. ಟರ್ಬೋ ಪ್ಯಾಸ್ಕಲ್‌ನ ಕಂಪೈಲರ್ ಬರೆದ ಆಂಡರ್ಸ್ ಹೈಲ್ಸ್‌ಬರ್ಗ್ ಮಾತ್ರ ಅಲ್ಲೇ ನಿಲ್ಲಲಿಲ್ಲ. ಮೈಕ್ರೋಸಾಫ್ಟ್ ಸೇರಿ ಟೈಪ್‌ಸ್ಕ್ರಿಪ್ಟ್ ಕಟ್ಟಿದರು. ಅದರ ಕಂಪೈಲರನ್ನು ಗೋ ಭಾಷೆಗೆ ಬದಲಿಸಿ ಸುಮಾರು 10 ಪಟ್ಟು ವೇಗ ಮಾಡುತ್ತಿದ್ದೇವೆ ಅಂತ 2025ರ ಮಾರ್ಚಿನಲ್ಲಿ ಘೋಷಿಸಿದರು. ಅದರ ಸೋರ್ಸ್ ಕೋಡ್ ಇವತ್ತಿಗೂ ಯಾರು ಬೇಕಾದರೂ ತೆಗೆದು ನೋಡಬಹುದು. ಹಾಗಾಗಿ ಹಳತು ಒಳ್ಳೇದು, ಹೊಸದು ಕೆಟ್ಟದ್ದು ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ಕೇಳಬೇಕಾದ್ದು, ನಾಳೆ ಅವರು ಇಲ್ಲ ಅಂದ್ರೆ ನನ್ನ ಕೈಯಲ್ಲಿ ಏನು ಉಳಿಯುತ್ತೆ ಅನ್ನೋದು.

2005ರಲ್ಲಿ ಲಿನಕ್ಸ್ ಬಳಗಕ್ಕೆ ಹೀಗೇ ಆಯ್ತು. ಅವರು ಬಳಸ್ತಿದ್ದ ಬಿಟ್‌ಕೀಪರ್‌ನ ಉಚಿತ ಲೈಸೆನ್ಸನ್ನು ಅದರ ಕಂಪನಿ ಹಿಂತೆಗೆದುಕೊಂಡಿತು. ಲಿನಸ್ ಟೋರ್ವಾಲ್ಡ್ಸ್ ಕೂತು ಗಿಟ್ ಬರೆದರು. ಆ ಜೂನ್‌ನಲ್ಲೇ ಹೊಸ ಕರ್ನಲ್ ಗಿಟ್ ಮೇಲೆ ಹೊರಬಂತು. ಎರಡು ತಿಂಗಳಲ್ಲಿ ಪರ್ಯಾಯ ಕಟ್ಟೋಕೆ ಆಗಿದ್ದು, ಒಳಗೇನು ನಡೀತಿದೆ ಅಂತ ಗೊತ್ತಿದ್ದ ಜನ ಅಲ್ಲಿದ್ದಿದ್ದಕ್ಕೆ. ಆಮೇಲಿನ ಕತೆ ನೋಡಿ: ಗಿಟ್ ಎಲ್ಲರದ್ದೂ ಆಗಿ ಉಳಿಯಿತು, ಆದರೆ ಎಲ್ಲರೂ ಹೋಗಿ ಸೇರಿದ್ದು ಗಿಟ್‌ಹಬ್‌ಗೆ, ಗಿಟ್‌ಹಬ್ಬನ್ನು 2018ರಲ್ಲಿ ಮೈಕ್ರೋಸಾಫ್ಟ್ 750 ಕೋಟಿ ಡಾಲರಿಗೆ ಕೊಂಡಿತು. ಮರುವರ್ಷವೇ ಅಮೆರಿಕದ ನಿರ್ಬಂಧದ ನೆಪದಲ್ಲಿ ಇರಾನಿನ ಪ್ರೋಗ್ರಾಮರುಗಳಿಗೆ ಅದರ ಹಲವು ಬಾಗಿಲು ಮುಚ್ಚಿದವು.

ಈಗ ಎಐ ಕೋಡಿಂಗ್ ಕಾಲ. ಎಡಿಟರ್ ಬಾಡಿಗೆಗೆ ಹೋಯ್ತು, ಕೋಡ್ ಇಡುವ ಜಾಗ ಬಾಡಿಗೆಗೆ ಹೋಯ್ತು, ಕೋಡ್ ಹೇಗೆ ಬರೀಬೇಕು ಅನ್ನೋ ಯೋಚನೆಯೂ ತಿಂಗಳ ಬಾಡಿಗೆಗೆ ಸಿಗ್ತಿದೆ. 2025ರ ಮಧ್ಯದಲ್ಲಿ ಕರ್ಸರ್ ಎಂಬ ಎಡಿಟರ್ ತನ್ನ ದರದ ಲೆಕ್ಕ ಬದಲಿಸಿತು. ಬಳಕೆದಾರರು ರೊಚ್ಚಿಗೆದ್ದ ಮೇಲೆ ಕ್ಷಮೆ ಕೇಳಿ ಹಣ ವಾಪಸ್ ಕೊಡ್ತೀವಿ ಅಂದಿತು. ಆ ಸಲ ಕ್ಷಮೆ ಸಿಕ್ಕಿತು. ಬೆಂಗಳೂರಿನ ಕಂಪನಿಯೊಂದರಲ್ಲಿ ಈಗಷ್ಟೇ ಕೆಲಸಕ್ಕೆ ಸೇರಿದ ಹುಡುಗಿಗೆ 'ಇದನ್ನ ಬಳಸಬೇಡ' ಅಂತ ಉಪದೇಶ ಮಾಡೋದು ದಡ್ಡತನ. ಬಳಸದಿದ್ದರೆ ಅವಳ ಕೆಲಸವೇ ಹೋಗಬಹುದು. ಆದರೆ ಅವಳ ತಂಡದಲ್ಲಿ ಅದು ಬರೆದ ಕೋಡನ್ನು ಓದಬಲ್ಲ ಒಬ್ಬರಾದರೂ ಉಳಿಯುತ್ತಾರಾ? ಬಿಟ್‌ಕೀಪರ್ ಥರದ ದಿನ ಬಂದಾಗ ಗಿಟ್ ಬರೆಯೋರು ಯಾರು?

ದೆಹಲಿಯ ಉತ್ತರ ಸ್ವದೇಶಿ. ಜೋಹೋ ಆಫೀಸ್ ಬಳಸಿ ಅಂತ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರಿನಲ್ಲಿ ತನ್ನ ಅಧಿಕಾರಿಗಳಿಗೆ ಸೂಚಿಸಿತು. ಬ್ರಸೆಲ್ಸ್‌ನಲ್ಲಿ ಯಾರೋ ಸಹಿ ಹಾಕಿದರೆ ನಿಲ್ಲುವ ಹತಾರಕ್ಕಿಂತ ಇದು ವಾಸಿ, ಒಪ್ಪೋಣ. ಆದರೆ ಕನ್ನಡಿಗರಿಗೆ ಇಲ್ಲೊಂದು ಹಳೇ ಅನುಭವ ಇದೆ. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ನಮ್ಮದೇ, ಅದೂ ಉಚಿತ. ಅದು ಕನ್ನಡಕ್ಕೆ ಮಾಡಿದ ಉಪಕಾರ ದೊಡ್ಡದು. ಆದರೂ ಯೂನಿಕೋಡ್‌ಗೆ ಮುಂಚಿನ ನುಡಿ ಫಾಂಟುಗಳಲ್ಲಿ ಟೈಪಿಸಿದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಇವತ್ತಿಗೂ ಕಾಣೋದು ಅರ್ಥವಿಲ್ಲದ ರೋಮನ್ ಅಕ್ಷರಗಳ ಕಲಸುಮೇಲೋಗರ. ಅದನ್ನು ಓದಿಸೋಕೆ ಪರಿವರ್ತಕ ಬರೆದು ಹಂಚಿದವರಲ್ಲಿ ಸ್ವಯಂಸೇವಕ ಹುಡುಗರೂ ಇದ್ದಾರೆ. ಫಾಂಟಿನ ಯಾವ ಸಂಕೇತ ಯಾವ ಅಕ್ಷರ ಅಂತ ಬಿಡಿಸಿ ನೋಡೋಕೆ ಆಗ್ತಿತ್ತು, ಅದಕ್ಕೇ ಅದು ಸಾಧ್ಯವಾಯ್ತು. ಜೋಹೋ ಸರ್ವರಿನಲ್ಲಿ ಕೂತಿರುವ ಸರ್ಕಾರಿ ಕಡತಗಳನ್ನು 20 ವರ್ಷದ ನಂತರ ಹೊರಗೆ ತರುವ ದಾರಿ ಏನು, ಅದರ ಖರ್ಚು ಯಾರದು? ಸಂಸತ್ತಿನಲ್ಲಿ ಯಾರಾದರೂ ಮೊದಲು ಈ ಪ್ರಶ್ನೆ ಕೇಳಲಿ. ಸ್ವದೇಶಿ ಭಾಷಣ ಆಮೇಲೆ ಮಾಡಬಹುದು.