ಸಾಗರದ ಸ್ಟೇಷನ್ನು ಯಾರದು?

ರೈಲು ಸ್ಟೇಷನ್ನಿನ ಚರಿತ್ರೆ ಬರೆಯುವವರು ಸಾಮಾನ್ಯವಾಗಿ ಅದನ್ನು ಉದ್ಘಾಟಿಸಿದ ದೊಡ್ಡವರ ಹೆಸರಿನಿಂದ ಶುರುಮಾಡುತ್ತಾರೆ. ಅಲ್ಲಿ ಹೊರೆ ಹೊತ್ತವರು, ಟಿಕೆಟ್ಟಿಗೆ ಕಾಸು ಎಣಿಸಿದವರು, ಪೊಲೀಸರ ಕೈಗೆ ಸಿಕ್ಕವರು ಅದರಲ್ಲಿ ಬರುವುದಿಲ್ಲ. ಸಾಗರ ಜಂಬಗಾರು ಸ್ಟೇಷನ್ನಿನ ಚರಿತ್ರೆಯನ್ನು ಹಾಗೆ ಬರೆದರೆ ಅದು ಅರ್ಧ ಸತ್ಯವಾದೀತು.

ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಬಂದದ್ದು 1899ರಲ್ಲಿ. ಅಲ್ಲಿಂದ ಸಾಗರವನ್ನು ದಾಟಿ ತಾಳಗುಪ್ಪ ಮುಟ್ಟಿದ್ದು 1940ರಲ್ಲಿ. ನಡುವೆ ನಲವತ್ತು ವರ್ಷ ಕಳೆಯಿತು. ಚಳಿಜ್ವರಕ್ಕೆ ಹೆಸರಾದ ಮಲೆನಾಡಿನ ಕಾಡಿನಲ್ಲಿ ಮಣ್ಣು ಹೊತ್ತು ಹಳಿ ಹಾಸಿದ ಕೂಲಿಕಾರರ ಹೆಸರು ಯಾವ ಫಲಕದಲ್ಲೂ ಇಲ್ಲ. ಈ ದಾರಿಯ ಮೇಲಿರುವ ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕುಲುಮೆ ಹೊತ್ತಿದಾಗ ಅದಕ್ಕೆ ಉರಿ ಕೊಟ್ಟದ್ದು ಇದೇ ಕಾಡಿನ ಮರದ ಇದ್ದಿಲು. ಕಾಡು ಮಲೆನಾಡಿನದು, ಬೆವರು ಬಡವನದು, ಲಾಭದ ಲೆಕ್ಕ ಮಾತ್ರ ಬೇರೆಲ್ಲೋ.

1951ರ ಏಪ್ರಿಲ್ 14ರಂದು ಮೈಸೂರು ಸಂಸ್ಥಾನದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ವಿಲೀನವಾಯಿತು. ರಾಜರ ರೈಲು ಪ್ರಜೆಗಳದಾಯಿತೆಂದು ಹೇಳಿದರು. ಸರಿಯಾಗಿ ನಾಲ್ಕು ದಿನಕ್ಕೆ, ಏಪ್ರಿಲ್ 18ರಂದು, ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರ ಸತ್ಯಾಗ್ರಹ ಆರಂಭವಾಯಿತು. ಗೇಣಿಯ ಭತ್ತ ಅಳೆಯಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ಸರ್ಕಾರಿ ಅಳತೆಗಿಂತ ದೊಡ್ಡದು. ಸರಿಯಾದ ಕೊಳಗದಲ್ಲಿ ಅಳೆಯಿರಿ ಎಂಬುದೇ ರೈತರ ಮೊದಲ ಬೇಡಿಕೆ. ತಕ್ಕಡಿ ಹಿಡಿದು ಬದುಕುವ ನಮ್ಮ ಸಣ್ಣ ವ್ಯಾಪಾರಿ ಬಂಧುಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಂಗಡಿಯಲ್ಲಿ ಕಳ್ಳ ಅಳತೆ ಇಟ್ಟವನಿಗೆ ದಂಡ. ಒಡೆಯನ ಅಂಗಳದಲ್ಲಿ ಅದೇ ಅಳತೆಗೆ ಸಂಪ್ರದಾಯವೆಂಬ ಮರ್ಯಾದೆ!

ಗಣಪತಿಯಪ್ಪನವರು ಸಂಘಟಿಸಿದ ಈ ಹೋರಾಟಕ್ಕೆ ಸಮಾಜವಾದಿ ಪಕ್ಷ ಹೆಗಲು ಕೊಟ್ಟಿತು. ಶಾಂತವೇರಿ ಗೋಪಾಲಗೌಡರು ಮುಂದೆ ನಿಂತರು. ಜೂನ್ ತಿಂಗಳಲ್ಲಿ ಡಾ. ರಾಮಮನೋಹರ ಲೋಹಿಯಾ ಬಂದರು. ಅವರನ್ನು ರಾತ್ರಿಯ ವೇಳೆ ಬಂಧಿಸಿದ್ದು ಇದೇ ಸಾಗರದ ಸ್ಟೇಷನ್ನಿನಲ್ಲಿ. ಪ್ರಜೆಗಳದೆಂದು ಹೇಳಿಸಿಕೊಂಡ ಸ್ಟೇಷನ್ನು ಪ್ರಜೆಗಳ ಪರ ಬಂದವನಿಗೆ ಕೊಟ್ಟ ಸ್ವಾಗತ ಅದು. ಆದರೆ ಮರುವರ್ಷ, 1952ರ ಚುನಾವಣೆಯಲ್ಲಿ, ಅದೇ ನಾಡಿನ ಜನ ಗೋಪಾಲಗೌಡರನ್ನು ವಿಧಾನಸಭೆಗೆ ಕಳುಹಿಸಿ ಉತ್ತರ ಕೊಟ್ಟರು. ಉಳುವವನೇ ಹೊಲದೊಡೆಯ ಎಂಬ ಕೂಗು ಕಾನೂನಿನಲ್ಲಿ ನಿಜವಾಗಿ ಬಲಗೊಂಡದ್ದು 1974ರ ಭೂಸುಧಾರಣಾ ತಿದ್ದುಪಡಿಯಿಂದ. ಅದನ್ನು ನೋಡಲು ಲೋಹಿಯಾ ಇರಲಿಲ್ಲ, ಗೋಪಾಲಗೌಡರೂ ಇರಲಿಲ್ಲ.

ಈ ಕಥೆ ರೈತರದು, ಗಿರಣಿಯ ನಮಗೇನು ಎಂದು ಕಾರ್ಮಿಕ ಬಂಧು ಕೇಳಬಾರದು. ಇದೇ ಹಳಿಯ ಪಕ್ಕ 1936ರಲ್ಲಿ ಹುಟ್ಟಿದ ಭದ್ರಾವತಿಯ ಕಾಗದದ ಕಾರ್ಖಾನೆ ಉತ್ಪಾದನೆ ನಿಲ್ಲಿಸಿ ವರ್ಷಗಳಾದವು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮನೆ ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಹಕ್ಕುಪತ್ರಕ್ಕಾಗಿ ಇನ್ನೂ ಕಚೇರಿ ಅಲೆಯುತ್ತಿದ್ದಾರೆ. ವಿದ್ಯುತ್ತು ಬಂತು, ಮೀಟರ್ ಗೇಜ್ ಹೋಗಿ ಬ್ರಾಡ್ ಗೇಜ್ ಬಂತು. ಹಳಿ ಅಗಲವಾದಷ್ಟು ಬಡವನ ಬಾಳು ಅಗಲವಾಯಿತೇ? ಕೊಳಗ ಹೋಯಿತು, ನಿಜ. ಕಳ್ಳ ಅಳತೆ ಹೋಯಿತೇ?

ಆದ್ದರಿಂದ ನಾವು ಕೇಳುವುದು ಎರಡು. ಕಾಗೋಡಿನ ರೈತರ ಹೋರಾಟವನ್ನೂ 1951ರ ಆ ರಾತ್ರಿಯನ್ನೂ ಸ್ಟೇಷನ್ನಿಗೆ ಬರುವ ಪ್ರತಿಯೊಬ್ಬನೂ ಓದುವಂತೆ ಕಲ್ಲಿನಲ್ಲಿ ಕೆತ್ತಿಸಬೇಕು. ಎರಡನೆಯದು ಅದಕ್ಕಿಂತ ಮುಖ್ಯ: ಸ್ಟೇಷನ್ನುಗಳನ್ನು ಸಿಂಗರಿಸಲು ಹಣ ಚೆಲ್ಲುವ ಮೊದಲು, ಮುಂಗಡ ಟಿಕೆಟ್ಟು ಕೊಳ್ಳಲಾಗದ ಕೂಲಿಗೂ ಗಂಟು ಹೊತ್ತ ವ್ಯಾಪಾರಿಗೂ ಕೂರಲು ಜಾಗವಿರುವಷ್ಟು ಸಾಮಾನ್ಯ ಬೋಗಿಗಳನ್ನು ಜೋಡಿಸಬೇಕು.

ಇದು ಭಿಕ್ಷೆಯಲ್ಲ. ಹಳಿ ಹಾಸಿದವರ ಮಕ್ಕಳು ಕೇಳುತ್ತಿರುವ ಸರಿಯಾದ ಅಳತೆ. ಕೊಡದಿದ್ದರೆ ಕೇಳಿ ಪಡೆಯುವ ದಾರಿಯನ್ನು ಕಾಗೋಡು ಆಗಲೇ ತೋರಿಸಿದೆ.